ಕಿವಿಯಮ್ಮ ಬಾಯಿ ಬಿಡಲಿಲ್ಲ

ಹಲ್ಲಿನ ಡಾಕ್ಟರು ಹಿಂದಿನ ಮೆಟ್ಟಿಲಿಗೆ ಹೋಗುವ ಬಾಗಿಲು ತಳ್ಳಿದರು. ಅದು ಅರ್ಧ ತೆರೆದು ನಿಂತುಬಿಟ್ಟಿತು. ಆಚೆ ಏನೋ ಅಡ್ಡ ಬಿದ್ದಿತ್ತು. ಲಿಫ್ಟ್ ಕೆಟ್ಟಿದ್ದ ಸಿಟ್ಟಿನಲ್ಲಿ ಇನ್ನಷ್ಟು ಜೋರಾಗಿ ತಳ್ಳಲು ಹೋದವರು, ಸಂದಿಯಲ್ಲಿ ಒಂದು ಕೈ ಕಂಡು ಹಾಗೇ ನಿಂತರು.

ಹೆಂಗಸಿನ ಕೈ. ಮೊಣಕೈ ತಿರುಗಬಾರದ ಕಡೆಗೆ ತಿರುಗಿತ್ತು.

ಸಂದಿಯಲ್ಲೇ ನುಸುಳಿ ಆಚೆ ಹೋದರು. ಮೇಲಿನ ಮಹಡಿಯ ಕೌನ್ಸೆಲರ್. ತಲೆಯ ಹಿಂದೆ ರಕ್ತ. ಬ್ಯಾಗು ಹೆಗಲಲ್ಲೇ ಇತ್ತು. ಮೂಗಿನ ಬಳಿ ಬೆರಳು ಹಿಡಿದರು. ಉಸಿರಿತ್ತು.

ಮೆಟ್ಟಿಲ ಬಳಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮೇಲೆ ಇನ್ನೊಬ್ಬರು ಡಾಕ್ಟರಿದ್ದಾರೆ ಎಂದು ನೆನಪಾಗಿ ಮೇಲಕ್ಕೆ ಓಡಿದರು. ಕೌನ್ಸೆಲರ್ ಕೋಣೆಗೆ ಬೀಗ ಬಿದ್ದಿತ್ತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಡಬ್ಬಿಯಂಥ ಒಂದು ಬಿಳಿ ಯಂತ್ರ ಜೋರು ಮಳೆಯ ಹಾಗೆ ಸದ್ದು ಮಾಡುತ್ತಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದರು. "ಏನು? ಏನೂ ಕೇಳಿಸ್ತಿಲ್ಲ, ಜೋರಾಗಿ ಹೇಳಿ" ಎಂದಿತು ಆ ಕಡೆಯ ದನಿ. ಯಂತ್ರವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಗುಂಡಿಯೇ ಕಾಣಲಿಲ್ಲ. ಎದುರಿನ ಬಾಗಿಲನ್ನು ದಬದಬ ಬಡಿದರು. ಅಲ್ಲಿಂದ ಬಂದವರು ಮನೋಚಿಕಿತ್ಸಕರು, ಆ ಮಹಡಿಯಲ್ಲಿದ್ದ ಇನ್ನೊಬ್ಬರು. ಯಂತ್ರವನ್ನು ಇಸಕೊಂಡು, ತಳದಲ್ಲಿ ಎಲ್ಲೋ ಬೆರಳಿಟ್ಟು ಅದುಮಿ ಹಿಡಿದರು.

ಸದ್ದು ನಿಂತಿತು.

* * *

ಮೆಟ್ಟಿಲಲ್ಲಿ ಬಿದ್ದಿದ್ದವರನ್ನು ಕೌನ್ಸೆಲರ್ ಅನ್ನುವವರು ಕಡಿಮೆ. ಕಿವಿಯಮ್ಮ ಅನ್ನುವವರೇ ಹೆಚ್ಚು. ಮನಸ್ಸು ಕೆಟ್ಟವರು, ಮನೆ ಮುರಿದವರು, ನಿದ್ದೆ ಬಾರದವರು ಎಲ್ಲ ಅವರ ಮುಂದೆ ಕೂತು ಹಗುರಾಗಿ ಹೋಗುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ತಲೆಗೆ ಬ್ಯಾಂಡೇಜ್, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗಲೂ ಇನ್ಸ್‌ಪೆಕ್ಟರ್ ಒಳಗೆ ಬಂದ ಕೂಡಲೇ ಅವರು ಕೇಳಿದ್ದು, "ಕೂತ್ಕೊಳ್ಳಿ. ನಿದ್ದೆ ಮಾಡಿಲ್ಲ ಅನ್ಸುತ್ತೆ?"

ಇನ್ಸ್‌ಪೆಕ್ಟರ್ ತಬ್ಬಿಬ್ಬಾದಳು. ಅವಳು ನಿಜಕ್ಕೂ ಮಲಗಿರಲಿಲ್ಲ.

"ನಿಮ್ಮ ಕಥೆ ಹೇಳಿ, ಮೇಡಂ. ಜಾರಿ ಬಿದ್ರಾ?"

"ಇಲ್ಲ. ಹಿಂದಿನಿಂದ ತಳ್ಳಿದ್ರು. ಎರಡೂ ಅಂಗೈ ಬೆನ್ನಿಗೆ ತಗುಲಿದ್ದು ಚೆನ್ನಾಗಿ ನೆನಪಿದೆ. ಮುಖ ನೋಡಲಿಲ್ಲ."

"ಹೆಜ್ಜೆ ಸದ್ದು?"

"ಕೇಳಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಇದೆ."

"ಯಾರು?"

"ಹೇಳೋಕಾಗಲ್ಲ."

ಪಕ್ಕದಲ್ಲಿ ಕೂತಿದ್ದ ತಂಗಿ ಎದ್ದೇಬಿಟ್ಟಳು. "ಅಕ್ಕ! ನಿನ್ನ ತಲೆ ಒಡೆದಿದೆ ಕಣೇ!"

"ಗೊತ್ತು ಕಣೇ. ನೋಯ್ತಿರೋದು ನಂಗೇ ತಾನೆ?"

ಇನ್ಸ್‌ಪೆಕ್ಟರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಹೆದರಿಕೆನಾ?"

"ಹೆದರಿಕೆ ಇದೆ. ಆದರೆ ಸುಮ್ಮನಿರೋದು ಅದಕ್ಕಲ್ಲ. ನನಗೆ ಬಂದಿರೋ ಅನುಮಾನಕ್ಕೆ ಕಾರಣ, ಒಬ್ಬರು ನನ್ನನ್ನ ನಂಬಿ ಹೇಳಿದ ಮಾತು. ಆ ಮಾತು ನನ್ನದಲ್ಲ. ಅವರದ್ದು. ನನ್ನ ಹತ್ರ ಇಟ್ಟಿದ್ದಾರೆ, ಅಷ್ಟೇ. ಅದನ್ನ ತೆಗೆದು ನಿಮಗೆ ಕೊಟ್ರೆ ಅವರ ಬದುಕು ಬೀದಿಗೆ ಬರುತ್ತೆ."

"ಆ ವ್ಯಕ್ತಿಯನ್ನೂ ಯಾರಾದರೂ ತಳ್ಳಿದರೆ?"

"ಅದನ್ನೇ ಮೊದಲು ಯೋಚಿಸಿದ್ದು. ಬೆಳಿಗ್ಗೆ ಎಚ್ಚರ ಬಂದ ಕೂಡಲೇ ತಂಗಿಯ ಫೋನಿಂದ ಅವರ ಜೊತೆ ಮಾತಾಡಿದೆ. ಊರು ಬಿಟ್ಟು ಕ್ಷೇಮವಾಗಿದ್ದಾರೆ. ತಮ್ಮ ಹೆಸರು ಬೇಡ ಅಂದ್ರು. ಯಾರ ಜೀವಕ್ಕಾದರೂ ಕುತ್ತು ಅಂತ ಗೊತ್ತಾದರೆ ನಾನು ಬಾಯಿ ಬಿಡ್ತೀನಿ, ಇನ್ಸ್‌ಪೆಕ್ಟರ್. ಬರೋವರಿಗೆಲ್ಲ ಮೊದಲ ದಿನವೇ ಅದನ್ನ ಹೇಳಿರ್ತೀನಿ. ಈಗ ಕುತ್ತು ಬಂದಿರೋದು ನನಗೆ ಮಾತ್ರ."

"ನಿನ್ನೆ ಕೊನೆಗೆ ಬಂದವರು ಯಾರು? ಅದಾದ್ರೂ ಹೇಳಿ."

"ಯಾರಾದರೂ ಬಂದಿದ್ರಾ ಇಲ್ವಾ ಅನ್ನೋದನ್ನೂ ಹೇಳೋಕಾಗಲ್ಲ. ಬೇಜಾರು ಮಾಡ್ಕೋಬೇಡಿ."

ವಾರ್ಡಿನ ಹೊರಗೆ ತಂಗಿ ಹಿಂದೆಯೇ ಬಂದಳು. ಕಣ್ಣು ಕೆಂಪಾಗಿತ್ತು. "ಅವಳು ಹಾಗೇ ಮೇಡಂ. ನಮ್ಮ ಆಫೀಸಿನ ಮ್ಯಾನೇಜರು ಅವಳ ಹತ್ರ ಬರ್ತಿದ್ರಂತೆ. ನಾನು ದಿನಾ ಮನೇಲಿ ಕೂತು ಅವರನ್ನ ಬಾಯಿಗೆ ಬಂದ ಹಾಗೆ ಬೈಯೋಳು. ಇವಳು ಹೂಂ ಅಂತ ಕೇಳಿಸಿಕೊಂಡು ಬಟ್ಟೆ ಮಡಚೋಳು. ಕೊನೆಗೆ ಅವರೇ ಹೇಳಿದ ಮೇಲೆ ನನಗೆ ಗೊತ್ತಾಗಿದ್ದು!"

ಜೀಪಿನ ಬಳಿ ಕಾಯುತ್ತಿದ್ದ ದಫೇದಾರರು ಎಲ್ಲ ಕೇಳಿ ಮೀಸೆ ತಿರುವಿದರು. ಇನ್ಸ್‌ಪೆಕ್ಟರಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರು, ಎಲ್ಲಕ್ಕೂ ಅವಸರದವರು. "ತಂಗಿಯ ಫೋನಿನ ಕಾಲ್ ರೆಕಾರ್ಡ್ ತೆಗೆಸಿದ್ರೆ ಮುಗೀತಲ್ಲ ಮೇಡಂ. ಆ ವ್ಯಕ್ತಿ ಯಾರು ಅಂತ ಕೂತಲ್ಲೇ ಗೊತ್ತಾಗುತ್ತೆ."

"ಬೇಡ. ಮೊದಲು ಬೇರೆ ದಾರಿ ನೋಡೋಣ."

ಯಾಕೆ ಬೇಡ ಅಂದೆ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಸುಳ್ಳು ಹೇಳಿದವರನ್ನು ನೋಡಿದ್ದಳು, ಹೆದರಿ ಸುಮ್ಮನಾದವರನ್ನು ನೋಡಿದ್ದಳು, ಆಸೆಗೆ ಬಿದ್ದು ಬಾಯಿ ಮುಚ್ಚಿಕೊಂಡವರನ್ನು ನೋಡಿದ್ದಳು. ಒಡೆದ ತಲೆ ಹೊತ್ತು, ಇನ್ನೊಬ್ಬರ ಮಾತನ್ನು ಹೀಗೆ ಕಾಯುವವರನ್ನು ನೋಡಿರಲಿಲ್ಲ.

* * *

ಎದುರು ಕೋಣೆಯ ಮನೋಚಿಕಿತ್ಸಕರಿಗೆ ರೇಡಿಯೋ ಡಾಕ್ಟರು ಎಂದೇ ಹೆಸರು. ವಾರಕ್ಕೊಮ್ಮೆ ರೇಡಿಯೋದಲ್ಲಿ ಜನರ ಕಷ್ಟಗಳಿಗೆ ಉತ್ತರ ಹೇಳುತ್ತಿದ್ದರು. ದನಿ ಬೆಣ್ಣೆಯಂತಿತ್ತು. ಗೋಡೆಯ ತುಂಬ ಪ್ರಮಾಣಪತ್ರಗಳು, ಕಿಟಕಿಗೆ ದಪ್ಪ ಪರದೆ, ಮೆತ್ತನೆಯ ಸೋಫಾ.

"ವೃತ್ತಿಧರ್ಮ ಅಂತ ಒಂದಿದೆ" ಎಂದು ನಿಟ್ಟುಸಿರು ಬಿಟ್ಟರು. "ಹೇಳಬಾರದು. ಆದರೆ ಜೊತೆಯವರ ಜೀವದ ಪ್ರಶ್ನೆ. ನಿನ್ನೆ ಕೊನೆಗೆ ಬಂದವನು ಒಬ್ಬ ಬಸ್ ಡ್ರೈವರ್. ದಿನಾ ಇದೇ ರಸ್ತೆಯಲ್ಲಿ ಬಸ್ ಓಡಿಸ್ತಾನೆ. ಮೂಗಿನ ತುದಿಯಲ್ಲೇ ಸಿಟ್ಟು."

"ನೀವು ಆಗ ಎಲ್ಲಿದ್ರಿ?"

"ಇಲ್ಲೇ. ಬಾಗಿಲು ಹಾಕಿಕೊಂಡು ಕಾರ್ಯಕ್ರಮಕ್ಕೆ ಬರೀತಿದ್ದೆ. ಅವನ ಕೂಗಾಟ ಇಲ್ಲಿಗೇ ಕೇಳಿಸ್ತು. 'ನಿನ್ನನ್ನ ಇವತ್ತು ಬಿಡಲ್ಲ, ನಿನ್ನ ಕೈ ಮುರಿದುಹಾಕ್ತೀನಿ' ಅಂದ. ಪಾಪ, ಕೈಯೇ ಮುರೀತು ನೋಡಿ."

"ಎದ್ದು ಹೋಗಿ ನೋಡಲಿಲ್ವಾ?"

"ಅವರ ಕೋಣೆ, ಅವರ ಕ್ಲೈಂಟ್. ನಡುವೆ ನುಗ್ಗೋದು ತಪ್ಪು. ಹಲ್ಲಿನ ಡಾಕ್ಟರು ಬಾಗಿಲು ಬಡಿದಾಗಲೇ ನಾನು ಎದ್ದದ್ದು." ಅವರು ಮುಂದಕ್ಕೆ ಬಾಗಿದರು. "ಅವರು ಏನಾದರೂ ಹೇಳಿದ್ರಾ?"

"ಇಲ್ಲ. ಒಂದು ಮಾತೂ ಇಲ್ಲ."

ರೇಡಿಯೋ ಡಾಕ್ಟರು ಕಣ್ಣು ಮುಚ್ಚಿ ತಲೆದೂಗಿದರು. ಕೆಳಗಿಳಿದಾಗ ಜೆರಾಕ್ಸ್ ಅಂಗಡಿಯಾಕೆಯೂ ಅದನ್ನೇ ಹೇಳಿದಳು. ಹೌದು, ಡ್ರೈವರ್ ಯೂನಿಫಾರ್ಮ್ ಹಾಕಿದ್ದ ದಪ್ಪನೆಯ ಆಳು. ಮುಂದಿನ ಮೆಟ್ಟಿಲಿಂದ ಓಡಿಬಂದ. ಮುಖವೆಲ್ಲ ಕಣ್ಣೀರು.

"ಕೇಸ್ ಮುಗೀತು" ಅಂದರು ದಫೇದಾರರು.

"ಕೌನ್ಸೆಲರ್, ರೇಡಿಯೋ ಡಾಕ್ಟರು, ಇಬ್ಬರನ್ನೂ ಗಮನಿಸಿದ್ರಾ?" ಇನ್ಸ್‌ಪೆಕ್ಟರ್ ಕೇಳಿದಳು. "ಪೆಟ್ಟು ತಿಂದವರು ಬಾಯಿ ಬಿಡಲ್ಲ. ಇವರು ನಾನು ಕೂರೋ ಮೊದಲೇ ಬಾಯಿ ಬಿಟ್ಟರು. ಅದೂ ಬೇರೆಯವರ ಕ್ಲೈಂಟ್ ಬಗ್ಗೆ."

* * *

ಡಿಪೋದಲ್ಲಿ ಡ್ರೈವರ್ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ. ಪೊಲೀಸರನ್ನು ಕಂಡ ಕೂಡಲೇ ಬಟ್ಟೆ ಕೈಯಿಂದ ಜಾರಿತು.

"ನಿನ್ನೆ ಸಂಜೆ ಕೌನ್ಸೆಲರ್ ಮೇಡಂ ಮೆಟ್ಟಿಲಿಂದ ಬಿದ್ದಿದ್ದಾರೆ."

"ಬದುಕಿದಾರಾ?"

"ಬದುಕಿದಾರೆ."

ಆತ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ. ದೊಡ್ಡ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

"ನಾನು ಅಲ್ಲಿಗೆ ಹೋಗ್ತೀನಿ ಅಂತ ಮೇಡಂ ಹೇಳಿದ್ರಾ?"

"ಇಲ್ಲ. ಅವರು ಯಾರ ಹೆಸರೂ ಎತ್ತಲಿಲ್ಲ. 'ನಿನ್ನನ್ನ ಇವತ್ತು ಬಿಡಲ್ಲ, ನಿನ್ನ ಕೈ ಮುರಿದುಹಾಕ್ತೀನಿ' ಅಂತ ನೀವು ಕೂಗಿದ್ದನ್ನ ಕೇಳಿದವರು ಹೇಳಿದ್ರು. ಕೂಗಿದ್ರಾ?"

ಆತ ತಲೆಯೆತ್ತಿದ. "ಕೂಗಿದೆ."

ದಫೇದಾರರ ಕೈ ಬೇಡಿಯ ಕಡೆ ಹೋಯಿತು. ಇನ್ಸ್‌ಪೆಕ್ಟರ್ ಕಣ್ಣಲ್ಲೇ ತಡೆದಳು.

"ಆದರೆ ಮೇಡಂಗಲ್ಲ" ಅಂದ ಆತ. "ಮೇಡಂಗೆ ನಾನು 'ನೀನು' ಅಂತೀನಾ? ನಮ್ಮ ಡಿಪೋ ಹುಡುಗರ ಮುಂದೆ ಹೇಳೋ ಮಾತಲ್ಲ ಇದು. ಇರಲಿ, ನನ್ನ ವಿಷಯ ನಾನು ಹೇಳಬಹುದಲ್ಲ. ಮೇಡಂ ಎದುರಿಗೆ ಒಂದು ಖಾಲಿ ಕುರ್ಚಿ ಇಟ್ರು. ಅಲ್ಲಿ ನಿಮ್ಮಪ್ಪ ಕೂತಿದ್ದಾರೆ ಅಂದುಕೊಳ್ಳಿ, ಅವತ್ತು ಹೇಳೋಕಾಗದೆ ಇದ್ದದ್ದನ್ನ ಇವತ್ತು ಹೇಳಿ ಅಂದ್ರು. ನಮ್ಮಪ್ಪ ಅಮ್ಮನಿಗೆ ಹೊಡೀತಿದ್ದ. ನಾನು ಚಿಕ್ಕವನು, ಮಂಚದ ಕೆಳಗೆ ಇರ್ತಿದ್ದೆ. ಅವನು ಸತ್ತು ಎಷ್ಟು ಕಾಲ ಆಯ್ತೋ. ನಿನ್ನೆ ಅವನ ಕೈ ಹಿಡಿದೆ, ಮೇಡಂ. ಖಾಲಿ ಕುರ್ಚಿಯ ಕೈ. ಬಿಡಲ್ಲ ಅಂದೆ. ಆಮೇಲೆ ಮಗು ಥರ ಅತ್ತೆ."

ದಫೇದಾರರು ಬೇಡಿಯಿಂದ ಕೈ ತೆಗೆದು ಬಗ್ಗಿ, ಕೆಳಗೆ ಬಿದ್ದಿದ್ದ ಒರೆಸುವ ಬಟ್ಟೆಯನ್ನು ಎತ್ತಿಕೊಟ್ಟರು.

"ಅಷ್ಟು ಜೋರಾಗಿ ಕೂಗಿದ್ರೆ ಹೊರಗಿನವರು ಕೇಳ್ತಾರೆ ಅನ್ನಿಸಲಿಲ್ವಾ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

"ಕೇಳಲ್ಲ. ಹೊರಗೆ ಸೊಂಯ್ ಅನ್ನೋ ಯಂತ್ರ ಇದೆಯಲ್ಲ, ಅದಿರೋದೇ ಅದಕ್ಕೆ. ಮೊದಲ ದಿನ ಮೇಡಂ ನನ್ನನ್ನ ಹೊರಗೆ ನಿಲ್ಲಿಸಿ, ಅದನ್ನ ಹಾಕಿ, ಒಳಗೆ ಹೋಗಿ ಗಂಟಲು ಬಿಚ್ಚಿ ಹಾಡಿದ್ರಂತೆ. ನನಗೆ ಒಂದಕ್ಷರ ಕೇಳಲಿಲ್ಲ. ಆಮೇಲೇ ನಾನು ಒಳಗೆ ಕಾಲಿಟ್ಟಿದ್ದು."

ಇನ್ಸ್‌ಪೆಕ್ಟರ್ ಜೀಪಿನ ಕಡೆ ಹೆಜ್ಜೆ ಹಾಕಿದವಳು ನಿಂತಳು.

ಒಂದಕ್ಷರ ಕೇಳದ ಕಡೆ ಇಡೀ ವಾಕ್ಯ ಕೇಳಿಸಿಕೊಂಡವರು ಹೇಗೆ ಕೇಳಿಸಿಕೊಂಡರು?

* * *

ಮರುದಿನ ಬೆಳಿಗ್ಗೆ ಅವಳು ಹಲ್ಲಿನ ಡಾಕ್ಟರ ಹತ್ತಿರ ಒಂದಿಷ್ಟು ಮಾತಾಡಿ, ಮೇಲೆ ಹೋಗಿ ರೇಡಿಯೋ ಡಾಕ್ಟರ ಎದುರು ಕೂತಳು.

"ಒಂದು ಸಣ್ಣ ಪರೀಕ್ಷೆ, ಡಾಕ್ಟ್ರೇ. ದಫೇದಾರರು ಎದುರು ಕೋಣೆಯ ಸೀಲ್ ತೆಗೆದು ಒಳಗೆ ಹೋಗಿ ಕೂಗ್ತಾರೆ. ಯಂತ್ರ ಓಡ್ತಿರುತ್ತೆ. ನೀವೂ ನಾನೂ ಇಲ್ಲಿ ಕೂತು ಕೇಳಿಸಿಕೊಳ್ಳೋಣ."

"ಯಾಕೆ ಇದೆಲ್ಲ?" ಅವರು ಎದ್ದರು. "ನನಗೆ ಹೊರಗೆ ಸ್ವಲ್ಪ ಕೆಲಸ..."

"ಕೂತ್ಕೊಳ್ಳಿ."

ಬಾಗಿಲು ಮುಚ್ಚಿತು. ಹೊರಗೆ ಮಳೆಯಂಥ ಸದ್ದು ಶುರುವಾಯಿತು. ಇಬ್ಬರೂ ಕಾದರು. ಕೂಗು ಕೇಳಲಿಲ್ಲ. ಪಿಸುಮಾತೂ ಕೇಳಲಿಲ್ಲ. ಇನ್ಸ್‌ಪೆಕ್ಟರ್ ಬಂದಿದ್ದು ಇಷ್ಟನ್ನು ತೋರಿಸಲಿಕ್ಕೆ ಮಾತ್ರ. ಏಳಬೇಕು ಅನ್ನುವಷ್ಟರಲ್ಲಿ ಮೇಜಿನ ಡ್ರಾಯರಿನೊಳಗೆ ಏನೋ ಗುರುಗುಟ್ಟಿತು.

ರೇಡಿಯೋ ಡಾಕ್ಟರ ಮುಖದ ರಕ್ತ ಇಳಿದುಹೋಯಿತು.

ಇನ್ಸ್‌ಪೆಕ್ಟರ್ ಡ್ರಾಯರ್ ಎಳೆದಳು. ಒಂದು ಹಳೆಯ ಮೊಬೈಲ್ ನಡುಗುತ್ತಿತ್ತು, ಪಕ್ಕದಲ್ಲಿ ಇಯರ್‌ಫೋನ್. ಕರೆ ತೆಗೆದುಕೊಂಡು ಕಿವಿಗಿಟ್ಟಳು.

ದಫೇದಾರರ ದನಿ, ಕೈಯಳತೆಯಲ್ಲಿ ನಿಂತಷ್ಟು ಸ್ಪಷ್ಟವಾಗಿ: "ನಮ್ಮ ಇನ್ಸ್‌ಪೆಕ್ಟರಮ್ಮ ರಜೆ ಕೊಡಲ್ಲ! ಕೇಳಿದ್ರೆ ಮೂತಿ ತಿರುಗಿಸ್ತಾರೆ!"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಆ ಕೋಣೆಯಲ್ಲಿ ಎಷ್ಟು ಜನ ಅತ್ತಿರಬೇಕು. ಹೆಂಡತಿಗೆ, ಗಂಡನಿಗೆ, ಹೆತ್ತವರಿಗೆ ಹೇಳದ್ದನ್ನು ಎಷ್ಟು ಜನ ಅಲ್ಲಿ ಉಸುರಿರಬೇಕು. ಬಾಗಿಲ ಹೊರಗೆ ಯಂತ್ರ ಕಾವಲಿದೆ ಎಂದು ನಂಬಿ.

ಎದುರು ಕೋಣೆಯ ಸೋಫಾದ ಹಿಂದೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ಎಕ್ಸ್‌ಟೆನ್ಶನ್ ಬೋರ್ಡಿನೊಳಗೆ ಅದು ಸಿಕ್ಕಿತು. ಬೆರಳ ಉಗುರಿನಷ್ಟು ಮೈಕು, ಒಂದು ಸಿಮ್. ಮಾತಿನ ಸದ್ದಾದರೆ ತಾನೇ ಫೋನ್ ಮಾಡುವ ಸಾಧನ. ನಿಮ್ಮ ಹಳೇ ಬೋರ್ಡು ಕಿಡಿ ಹಾರಿಸ್ತಿದೆ ಎಂದು ರೇಡಿಯೋ ಡಾಕ್ಟರೇ ತಂದುಕೊಟ್ಟಿದ್ದ ಬೋರ್ಡು ಅದು. ಕಿವಿಯಮ್ಮ ಬಿದ್ದ ಸಂಜೆಯೇ ಪೊಲೀಸರು ಕೋಣೆಗೆ ಸೀಲ್ ಹಾಕಿದ್ದರಿಂದ ತೆಗೆಯಲು ಆಗಿರಲಿಲ್ಲ. ಪೊಲೀಸರು ಒಳಗೆ ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳುವ ಆಸೆಗೆ ಫೋನನ್ನೂ ಆರಿಸಿರಲಿಲ್ಲ.

"ಡ್ರೈವರ್ ಕೂಗಿದ್ದು ನೀವು ಹೇಳಿದ ಹಾಗೇ ಇತ್ತು" ಅಂದಳು ಇನ್ಸ್‌ಪೆಕ್ಟರ್. "ಒಂದಕ್ಷರ ಆಚೀಚೆ ಇಲ್ಲ. ಸುಳ್ಳು ಹೇಳಿದ್ದರೆ ಬಚಾವಾಗ್ತಿದ್ರೋ ಏನೋ. ನಿಜ ಹೇಳಿ ಸಿಕ್ಕಿಬಿದ್ರಿ. ಆದರೆ 'ನಿನ್ನ' ಅಂದದ್ದು ಯಾರಿಗೆ ಅಂತ ನಿಮಗೆ ಕಾಣಲಿಲ್ಲ. ಕದ್ದು ಕೇಳೋರಿಗೆ ಖಾಲಿ ಕುರ್ಚಿ ಕಾಣಲ್ಲ."

"ಕದ್ದು ಕೇಳಿದ್ದು ತಪ್ಪು, ಒಪ್ತೀನಿ. ತಳ್ಳಿದ್ದು ನಾನೇ ಅಂತ ಹೇಗೆ ಹೇಳ್ತೀರಿ?"

"ಯಂತ್ರ ಹೇಳ್ತು. ಅವರು ಕೋಣೆಗೆ ಬೀಗ ಹಾಕಿ, ಬ್ಯಾಗು ಹೆಗಲಿಗೆ ಹಾಕಿ ಹೊರಟಿದ್ರು. ಒಳಗೆ ಯಾರೂ ಇಲ್ಲದಾಗ ಅದನ್ನ ಓಡಿಸೋರು ಯಾರು? ಅವರು ಆರಿಸಿಯೇ ಹೋಗಿದ್ರು. ನೀವು ಮತ್ತೆ ಹಾಕಿದ್ರಿ, ಹಿಂದೆ ಬರೋ ಹೆಜ್ಜೆ ಕೇಳಬಾರದು ಅಂತ. ಡ್ರೈವರ್ ಅಷ್ಟರಲ್ಲಿ ಮುಂದಿನ ಮೆಟ್ಟಿಲಿಂದ ಇಳಿದುಹೋಗಿದ್ದ. ಅದರ ಗುಂಡಿ ತಳದಲ್ಲಿ, ರಬ್ಬರಿನ ಕೆಳಗಿದೆ. ಹಲ್ಲಿನ ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿದ್ರೂ ಸಿಗಲಿಲ್ಲವಂತೆ. ನೀವು ನೋಡದೆಯೇ ಅದುಮಿದ್ರಿ. ಈ ಮಹಡಿಯಲ್ಲಿ ಅದು ಗೊತ್ತಿರೋರು ಇಬ್ಬರೇ. ಒಬ್ಬರು ಕೆಳಗೆ ಬಿದ್ದಿದ್ರು."

ರೇಡಿಯೋ ಡಾಕ್ಟರು ಅವಳ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು. ಆಮೇಲೆ ಅದೇ ಬೆಣ್ಣೆಯ ದನಿಯಲ್ಲಿ, "ಆ ಫೋನಿನಲ್ಲಿ ಎಲ್ಲ ರೆಕಾರ್ಡ್ ಇದೆ. ಕೋರ್ಟಿನಲ್ಲಿ ಅದನ್ನ ಹಾಕಿದ್ರೆ ಎಷ್ಟು ಜನರ ಮಾನ ಹೋಗುತ್ತೆ, ಯೋಚನೆ ಮಾಡಿ. ಕ್ಲೈಂಟ್‌ಗಳ ಗುಟ್ಟು ಕಾಯೋದು ನನ್ನ ಕರ್ತವ್ಯ."

ಇನ್ಸ್‌ಪೆಕ್ಟರ್ ಫೋನನ್ನು ಕವರಿನೊಳಗೆ ಹಾಕಿ ಅವರ ಕಣ್ಣೆದುರೇ ಅಂಟಿಸಿದಳು. "ಆ ಕರ್ತವ್ಯ ಹೇಗಿರುತ್ತೆ ಅಂತ ಆಸ್ಪತ್ರೆಯಲ್ಲಿ ನೋಡಿ ಬಂದಿದ್ದೀನಿ. ನಡೀರಿ."

* * *

ಯಾಕೆ ತಳ್ಳಿದರು ಅನ್ನುವುದು ಮಾತ್ರ ಉಳಿದಿತ್ತು. ಬಂಧನದ ಸುದ್ದಿ ಹರಡಿದ ದಿನ ಒಬ್ಬ ಹೆಂಗಸು ಠಾಣೆಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರುವುದೋ ಹಿಂದಿರುಗುವುದೋ ಅನ್ನುವ ಹಾಗೆ. ಇನ್ಸ್‌ಪೆಕ್ಟರ್ ಎದ್ದು ಹೋಗಿ ಕರೆತಂದು, ಎಲ್ಲರನ್ನೂ ಹೊರಗೆ ಕಳಿಸಿದಳು.

"ಗಂಡ ತೀರಿಕೊಂಡಾಗ ನಾನು ಆ ಡಾಕ್ಟರ ಹತ್ರ ಹೋಗಿದ್ದೆ" ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಮೊದಲು ಸಮಾಧಾನ ಹೇಳಿದ್ರು. ಆಮೇಲೆ ಕೈ ಹಿಡಿದ್ರು. ಇದೂ ಚಿಕಿತ್ಸೆಯೇ ಅಂದ್ರು. ನಾನು ಯಾವ ಸ್ಥಿತಿಯಲ್ಲಿ ಇದ್ದೆ ಅಂದ್ರೆ, ನಂಬಿದೆ. ಸಾಕಾದ ಮೇಲೆ, ನಿಮಗೆ ವಾಸಿಯಾಗಿದೆ ಇನ್ನು ಬರಬೇಡಿ ಅಂದ್ರು. ತಪ್ಪು ನನ್ನದೇ ಅಂದುಕೊಂಡು ಸಾಯೋಕೆ ಹೊರಟಿದ್ದೆ. ಆಗ ಕಿವಿಯಮ್ಮ ಸಿಕ್ಕಿದ್ರು."

"ಅವರು ದೂರು ಕೊಡಿ ಅಂದ್ರಾ?"

"ಒಂದು ಸಲವೂ ಅನ್ನಲಿಲ್ಲ. ತಪ್ಪು ನಿಮ್ಮದಲ್ಲ ಅಂದ್ರು. ತನ್ನ ಹತ್ರ ವಾಸಿಮಾಡಿಕೊಳ್ಳೋಕೆ ಬಂದವರನ್ನ ಮುಟ್ಟೋ ಹಕ್ಕು ಯಾವ ಚಿಕಿತ್ಸಕನಿಗೂ ಇಲ್ಲ, ನೀವು ಹೂಂ ಅಂದಿದ್ರೂ ಇಲ್ಲ ಅಂದ್ರು. ದೂರು ಕೊಡ್ತೀನಿ ಅಂತ ಅವತ್ತು ಮಧ್ಯಾಹ್ನ ನಾನೇ ಹೇಳಿದೆ. ನಾಳೆ ಜೊತೆಗೆ ಬರ್ತೀನಿ ಅಂದ್ರು. ಸಂಜೆಗೆ ಅವರು ಬಿದ್ದ ಸುದ್ದಿ ಬಂತು. ಅವನೇ ಅಂತ ಗೊತ್ತಾಯ್ತು. ಹೆದರಿ ಅಕ್ಕನ ಊರಿಗೆ ಓಡಿದೆ. ಬೆಳಿಗ್ಗೆ ಮೇಡಂ ಫೋನ್ ಮಾಡಿದಾಗ ನನ್ನ ಹೆಸರು ಬೇಡ ಅಂದೆ." ಅವಳು ಸೆರಗು ಸುತ್ತುವುದನ್ನು ನಿಲ್ಲಿಸಿದಳು. "ಆಯ್ತು, ಅಂದ್ರು. ಅಷ್ಟೇ. ತಲೆ ಒಡೆದಿದೆ ಅಂತಲೂ ಹೇಳಲಿಲ್ಲ. ಊಟ ಮಾಡಿದ್ರಾ ಅಂತ ಕೇಳಿದ್ರು."

ಅವಳ ಹೇಳಿಕೆ ಮುಂದಿಟ್ಟ ಮೇಲೆ ರೇಡಿಯೋ ಡಾಕ್ಟರಿಗೆ ಬೇರೆ ದಾರಿ ಉಳಿಯಲಿಲ್ಲ. ದೂರಿನ ಮಾತು ಇಯರ್‌ಫೋನಿನಲ್ಲಿ ಕೇಳಿದ್ದರು. ಅದೇ ಸಂಜೆ ಡ್ರೈವರನ ಕೂಗೂ ಕೇಳಿತು. ಬೈದವನು ಒಬ್ಬ ಸಿಕ್ಕಾಗ ತಪ್ಪನ್ನು ಅವನ ತಲೆಗೆ ಕಟ್ಟಬಹುದು ಅನ್ನಿಸಿತು. ಜೊತೆಗೆ ಬರುವವರು ಇಲ್ಲದಿದ್ದರೆ ಆ ಹೆಂಗಸು ಒಬ್ಬಳೇ ಠಾಣೆಯ ಮೆಟ್ಟಿಲು ಹತ್ತಲಾರಳು ಎಂದು ಲೆಕ್ಕ ಹಾಕಿದ್ದರು. ಎಲ್ಲ ಒಪ್ಪಿಕೊಂಡರು.

ಅವಳು ಒಬ್ಬಳೇ ಬಂದಿದ್ದಳು.

* * *

ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿ ಮುಗಿಸಿದಾಗ ಕಿವಿಯಮ್ಮ ತಲೆ ದಿಂಬಿಗೆ ಒರಗಿಸಿದರು. ಆ ಹೆಂಗಸು ತಾನೇ ಬಂದಳು ಎಂದಾಗ ಕಣ್ಣು ಹೊಳೆಯಿತು. ಬೋರ್ಡಿನ ವಿಷಯ ಬಂದಾಗ ಮುಖ ಸುಣ್ಣವಾಯಿತು.

"ಎಲ್ಲರದ್ದೂ?"

"ಬೋರ್ಡು ಇಟ್ಟ ದಿನದಿಂದ ಎಲ್ಲರದ್ದೂ."

"ನೀವು ಕೇಳಿದ್ರಾ?"

"ಡ್ರೈವರ್ ಒಪ್ಪಿಗೆ ಕೊಟ್ಟ ಭಾಗ ಮಾತ್ರ. ಆತನ ಎದುರಿಗೇ. ಉಳಿದದ್ದು ಸೀಲ್ ಆಗಿ ಕೋರ್ಟಿನ ವಶದಲ್ಲಿದೆ. ಯಾರೂ ಕೇಳಬಾರದು ಅಂತ ಅರ್ಜಿ ಹಾಕಿದ್ದೀನಿ."

ಕಿವಿಯಮ್ಮ ಮೊದಲ ಸಲ ಅತ್ತರು. ಸದ್ದಿಲ್ಲದೆ. ತಂಗಿ ಕಣ್ಣೊರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವರು ಸರಿಯಾಗಿದ್ದ ಕೈಯನ್ನು ಚಾಚಿದರು.

"ಫೋನ್ ಕೊಡೇ."

"ಯಾರಿಗಕ್ಕ?"

"ಎಲ್ಲರಿಗೂ. ಒಬ್ಬೊಬ್ಬರಿಗೂ ಹೇಳಬೇಕು. ನಿಮ್ಮ ಮಾತು ಹೊರಗೆ ಹೋಗಿದೆ, ಅದು ನನ್ನ ಕೋಣೆಯಿಂದ ಹೋಗಿದೆ ಅಂತ."

"ಅಕ್ಕ, ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಯಾರೂ ನಿನ್ನ ಹತ್ರ ಕಾಲಿಡಲ್ಲ. ಇಷ್ಟು ವರ್ಷದ ಕೆಲಸ ಕಣೇ!"

"ಬರದಿರಲಿ. ಅವರಿಗೆ ಗೊತ್ತಿರಬೇಕು. ಬೇರೆಯವರ ಬಾಯಿಂದ ಅಲ್ಲ, ನನ್ನ ಬಾಯಿಂದ."

ತಂಗಿ ಇನ್ಸ್‌ಪೆಕ್ಟರ್ ಮುಖ ನೋಡಿದಳು, ನೀವಾದರೂ ಹೇಳಿ ಅನ್ನುವ ಹಾಗೆ. ಇನ್ಸ್‌ಪೆಕ್ಟರ್ ಪ್ಲಾಸ್ಟರ್ ಹಾಕಿದ ಕೈಯನ್ನು ನೋಡಿದಳು. ಅಪರಾಧಿ ಸಿಕ್ಕಿದ್ದ. ಕೇಸ್ ಮುಗಿದಿತ್ತು. ಇಲ್ಲಿ ಒಂದು ಮುರಿದ ಕೈ, ತನ್ನದಲ್ಲದ ತಪ್ಪಿಗೆ ತಾನೇ ಉತ್ತರ ಕೊಡಲು ಹೊರಟಿತ್ತು.

ತಂಗಿ ಫೋನ್ ಕೊಟ್ಟು ಎದ್ದು ಹೊರಗೆ ಹೋದಳು. ಕಿವಿಯಮ್ಮ ಹೆಬ್ಬೆರಳಿನಲ್ಲಿ ಒಂದೊಂದೇ ಅಂಕಿ ಒತ್ತಿದರು. ಆ ಕಡೆ ರಿಂಗಾಯಿತು. "ಹಲೋ, ನಾನು... ಹೂಂ, ಈಗ ಪರವಾಗಿಲ್ಲ. ನಿಮಗೆ ಒಂದು ವಿಷಯ ಹೇಳಬೇಕು. ಕೂತ್ಕೊಂಡು ಕೇಳ್ತೀರಾ?"

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು ಹೊರಗೆ ಬಂದಳು. ಬಾಗಿಲನ್ನು ಸದ್ದಾಗದಂತೆ ಎಳೆದು ಮುಚ್ಚಿದಳು. ಔಷಧಿ ತಟ್ಟೆ ಹಿಡಿದು ಬಂದ ನರ್ಸ್, "ಒಳಗೆ ಹೋಗಬಹುದಾ?" ಎಂದಳು.

"ಇಲ್ಲ. ಅವರು ಮಾತಾಡ್ತಿದಾರೆ."

ಬಾಗಿಲಿಗೆ ಬೆನ್ನು ಹಾಕಿ, ಕೇಳಿಸದಷ್ಟು ದೂರಕ್ಕೆ ಸರಿದು, ಇನ್ಸ್‌ಪೆಕ್ಟರ್ ಕಾವಲು ನಿಂತಳು.